ನಿಂತ ಅಳತೆ

ಆ ಊರಿನ ಹಳೆಯ ದೊರೆಗೆ ಮೂವರು ಗಂಡುಮಕ್ಕಳು. ಹಿರಿಯವನ ಹೆಸರು ಹೊಳೆಯ ಮೇಲಿನ ಸೇತುವೆಗೆ ಹೋಯಿತು, ನಡುವಿನವನ ಹೆಸರು ದೊಡ್ಡ ಮಾರುಕಟ್ಟೆಗೆ ಹೋಯಿತು. ಮೂರನೆಯವನ ಪಾಲಿಗೆ ಉಳಿದದ್ದು ಒಂದು ಗಲ್ಲಿ. ಅದಾದರೂ ಎಂಥದ್ದು ಅನ್ನುತ್ತೀರಿ? ಎರಡು ಕೈಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು, ಯಾರು ಸರಿಯಬೇಕೆಂದು ಇತ್ಯರ್ಥವಾಗುವ ಹೊತ್ತಿಗೆ ಎರಡೂ ಗಾಡಿಯ ಸೊಪ್ಪು ಬಾಡಿರುತ್ತದೆ. ದೊರೆ ಹೋದ, ದೊರೆತನವೂ ಹೋಯಿತು, ಅರಮನೆಯಲ್ಲಿ ಈಗ ತೆರಿಗೆ ಕಚೇರಿ ಇದೆ. ಗಲ್ಲಿಯ ಬಾಯಲ್ಲಿ ಮಾತ್ರ ನೀಲಿ ತಗಡಿನ ಮೇಲೆ ಬಿಳಿ ಅಕ್ಷರ ಹಾಗೇ ಉಳಿದುಕೊಂಡಿತ್ತು: ಮೂರನೇ ರಾಜಕುಮಾರನ ಗಲ್ಲಿ.

ಗಲ್ಲಿಯ ನಡುಮಧ್ಯದಲ್ಲಿ ಒಂದು ಜೋಡಿನ ಅಂಗಡಿ. ಬಾಗಿಲ ಮೇಲೆ 'ಅರಮನೆಗೆ ಜೋಡು ಹೊಲಿದವರು' ಎಂಬ ಹಳೆಯ ಫಲಕ. ಒಳಗೆ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಮರದ ಕಾಲಚ್ಚುಗಳು. ಗಿರಾಕಿಯ ಪಾದ ಹೇಗಿದೆಯೋ ಹಾಗೇ ಮರದಲ್ಲಿ ಕೆತ್ತಿದ ಪಾದ ಅದು. ಅದರ ಮೇಲೆ ತೊಗಲು ಎಳೆದು ಹೊಲಿದರೆ ಜೋಡು. ಪ್ರತಿ ಅಚ್ಚಿನ ಹಿಮ್ಮಡಿಯ ಮೇಲೂ ಗಿರಾಕಿಯ ಹೆಸರು ಬರೆದಿರುತ್ತದೆ. ಪಾದ ಬೆಳೆದರೆ ಹೊಸ ಅಚ್ಚು ಕೆತ್ತುವುದಿಲ್ಲ, ಹಳೆಯದರ ಮೇಲೇ ತೆಳ್ಳಗಿನ ತೊಗಲಿನ ಚೂರು ಅಂಟಿಸಿ ದಪ್ಪ ಮಾಡುತ್ತಾರೆ. ಹೀಗಾಗಿ ಒಂದು ಅಚ್ಚನ್ನು ಕೈಗೆತ್ತಿಕೊಂಡರೆ ಆ ಮನುಷ್ಯ ಯಾವ ವಯಸ್ಸಿನಲ್ಲಿ ಎಷ್ಟು ಬೆಳೆದ ಎಂದು ಬೆರಳಿಗೇ ತಿಳಿಯುತ್ತದೆ.

ಆ ಅಂಗಡಿಯಲ್ಲಿ ಗಿರಾಕಿಗೆ ಕುರ್ಚಿ ಇಲ್ಲ. ಬೆಂಚಿಲ್ಲ, ಸ್ಟೂಲಿಲ್ಲ, ಆತುಕೊಳ್ಳಲು ಗೋಡೆಯೂ ಇಲ್ಲ, ಗೋಡೆಯ ತುಂಬ ಅಚ್ಚುಗಳೇ. ಹೊಸ್ತಿಲ ಒಳಗೆ ಒಂದು ಕರಿಕಲ್ಲಿನ ಚಪ್ಪಡಿ ಇದೆ. ಜೋಡು ಬೇಕಾದವರು ಯಾರೇ ಆಗಲಿ, ಬರಿಗಾಲಲ್ಲಿ ಆ ಕಲ್ಲಿನ ಮೇಲೆ ಹಾಸಿದ ಕಾಗದದ ಮೇಲೆ ನಿಲ್ಲಬೇಕು. ನ್ಯಾಯಾಧೀಶರು ಬಂದರೂ ನಿಲ್ಲಬೇಕು, ತೊಂಬತ್ತರ ಅಜ್ಜಿ ಬಂದರೂ ಯಾರಾದರೂ ಹಿಡಿದುಕೊಂಡು ನಿಲ್ಲಿಸಬೇಕು. ಹಲ್ಲು ಕೀಳುವವನಾದರೂ ಕೂತುಕೊಳ್ಳೋಕೆ ಜಾಗ ಕೊಡ್ತಾನೆ, ಇವರು ಕೊಡಲ್ಲ ಎಂದು ಎದುರಂಗಡಿಯ ಗಡಿಯಾರದವರು ನಲವತ್ತು ವರ್ಷದಿಂದ ಇದೇ ಒಂದು ತಮಾಷೆಯನ್ನು ಮಾಡುತ್ತಿದ್ದರು. ಗಡಿಯಾರದವರಲ್ಲವೇ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದರು.

ಅಂಗಡಿ ನಡೆಸುತ್ತಿದ್ದವರು ಗಂಡ ಹೆಂಡತಿ ಇಬ್ಬರೇ. ಹೆಂಡತಿಯನ್ನು ಗಲ್ಲಿಯವರೆಲ್ಲ ಜೋಡಕ್ಕ ಎನ್ನುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಎಡಗಾಲು ಬಲಗಾಲಿಗಿಂತ ಗಿಡ್ಡ, ಅದಕ್ಕೆ ಎಡಗಾಲಿನ ಜೋಡಿನ ಅಟ್ಟೆ ಮೂರು ಬೆರಳು ದಪ್ಪ. ಆದರೆ ನಡೆಯುವಾಗ ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಜನರನ್ನು ಮುಖದಿಂದ ಗುರುತಿಸುವುದು ಕಡಿಮೆ. ಪಾದ ನೋಡಿದ ಮೇಲೆ, ಓ ನೀವಾ ಎಂದು ತಲೆ ಎತ್ತುತ್ತಿದ್ದಳು.

ಒಂದು ಗುರುವಾರ ನಗರಸಭೆಯ ಗುಮಾಸ್ತರು ಬಂದು ಗಲ್ಲಿಯ ಹನ್ನೊಂದು ಅಂಗಡಿಗೂ ಒಂದೊಂದು ನೋಟೀಸು ಕೊಟ್ಟು ಹೋದರು. ರಾಜಮನೆತನದವರ ಹೆಸರು ಹೊತ್ತ ಜಾಗಗಳನ್ನು ನಗರಸಭೆ ಮರುಪರಿಶೀಲಿಸುತ್ತಿದೆ. ಊರಿಗೆ ಏನಾದರೂ ಉಪಕಾರ ಮಾಡಿದವರ ಹೆಸರು ಉಳಿಯುತ್ತದೆ, ಮಾಡದವರದ್ದು ಹೋಗುತ್ತದೆ. ಆಕ್ಷೇಪಣೆ ಇದ್ದವರು ಮಂಗಳವಾರ ಹನ್ನೊಂದು ಗಂಟೆಗೆ ಸಮಿತಿಯ ಮುಂದೆ ಬಂದು ಹೇಳಬಹುದು.

ಹಿರಿಯ ರಾಜಕುಮಾರನದೇನೂ ತಕರಾರಿಲ್ಲ, ಸೇತುವೆ ಕಣ್ಣೆದುರೇ ಇದೆ. ಕಲ್ಲು ಹೊತ್ತವರು ಬೇರೆಯವರು, ಅದು ಬೇರೆ ಮಾತು. ನಡುವಿನವನು ಮಾರುಕಟ್ಟೆಗೆ ಬೆಂಕಿ ಬಿದ್ದಾಗ ಮತ್ತೆ ಛಾವಣಿ ಹಾಕಿಸಿಕೊಟ್ಟಿದ್ದ. ಮೂರನೆಯವನ ಬಗ್ಗೆ ಊರಿನ ಚರಿತ್ರೆಯ ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು, ಅದನ್ನೇ ನೋಟೀಸಿನಲ್ಲೂ ಇಳಿಸಿದ್ದರು: 'ದೇಹ ದುರ್ಬಲರಾಗಿದ್ದ ಇವರು ಹೆಚ್ಚಿನ ಕಾಲವನ್ನು ಕುಳಿತೇ ಕಳೆದು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡರು.' ಗಲ್ಲಿಗೆ ಇನ್ನು ಮುಂದೆ ಹದಿನೇಳನೇ ಅಡ್ಡರಸ್ತೆ ಎಂದು ಹೆಸರು.

ಗಲ್ಲಿಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಅಂಚೆಯವರಿಗೆ ನಂಬರೇ ಸಲೀಸು ಎಂದರು. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು ಅನ್ನುವುದನ್ನು ಕೇಳಿದ್ದೆವು, ಈತ ಕುದುರೆಯನ್ನೂ ಹತ್ತದೆ ಕುರ್ಚಿಯಲ್ಲೇ ಹೋದನಲ್ಲಪ್ಪ ಎಂದು ಯಾರೋ ನಕ್ಕರು. ಜೋಡಕ್ಕ ಮಾತ್ರ ನೋಟೀಸನ್ನು ಎರಡು ಸಲ ಓದಿ, ಮಡಿಸಿ, ಕರಿಕಲ್ಲಿನ ಪಕ್ಕದಲ್ಲಿ ಕೂತುಬಿಟ್ಟಳು. ಆ ಹುಡುಗ ಏನು ಮಾಡಿದ್ದನೆಂದು ಇಡೀ ಊರಲ್ಲಿ ಬಲ್ಲವಳು ಅವಳೊಬ್ಬಳೇ. ಹೇಳದಿದ್ದರೆ ಅವನ ಹೆಸರು ಹೋಗುತ್ತದೆ. ಹೇಳಿದರೆ ಅಂಗಡಿಯ ಮಾನ ಹೋಗುತ್ತದೆ.

ಅವಳು ಈ ಅಂಗಡಿಗೆ ಮೊದಲು ಬಂದದ್ದು ಒಂಬತ್ತನೆಯ ವಯಸ್ಸಿನಲ್ಲಿ, ತಾಯಿಯ ಸೊಂಟದ ಮೇಲೆ. ನಾಲ್ಕು ವರ್ಷದವಳಿದ್ದಾಗ ಬಂದ ಕಾಯಿಲೆ ಎಡಗಾಲಿನ ಬೆಳವಣಿಗೆಯನ್ನು ನಿಲ್ಲಿಸಿತ್ತು. ಊರಿನ ಎಲ್ಲ ಜೋಡಿನ ಅಂಗಡಿಗೂ ತಾಯಿ ಹೊತ್ತುಕೊಂಡು ತಿರುಗಿದ್ದಳು. ಹೋದಲ್ಲೆಲ್ಲ, ಅಯ್ಯೋ ಪಾಪ, ಕೂರಿಸಿ ಕೂರಿಸಿ ಎಂದು ಸ್ಟೂಲು ಎಳೆಯುತ್ತಿದ್ದರು. ಕೂತ ಮಗುವಿನ ಕಾಲು ನೋಡಿ, ಗಾಳಿಯಲ್ಲಿ ಲೆಕ್ಕ ಹಾಕಿ, ಒಂದು ದಪ್ಪ ಅಟ್ಟೆ ಬಡಿದು ಕೊಡುತ್ತಿದ್ದರು. ಅದನ್ನು ಹಾಕಿಕೊಂಡು ಎದ್ದರೆ ಬಿದ್ದಳು. ಐದು ವರ್ಷದಲ್ಲಿ ಏಳು ಜೊತೆ ಜೋಡು, ಮುಂದಿನ ಎರಡು ಹಲ್ಲು ಹೋದವು.

ಇಲ್ಲಿ ಮಾತ್ರ ಆಗಿನ ಯಜಮಾನರು, ಮುಂದೆ ಅವಳಿಗೆ ಮಾವನಾದವರು, ಸ್ಟೂಲು ಎಳೆಯಲಿಲ್ಲ.

"ಇಳಿಸಮ್ಮ ಮಗೂನ. ನಿಂತ್ಕೊಳ್ಳಲಿ."

"ಅವಳಿಗೆ ನಿಲ್ಲೋಕೆ ಬರಲ್ಲ ಸ್ವಾಮಿ."

"ಬೀಳೋದಾದ್ರೆ ಬೀಳಲಿ. ಹಿಡಿಯೋಕೆ ನಾನಿದ್ದೀನಲ್ಲ."

ಕಲ್ಲಿನ ಮೇಲೆ ನಿಲ್ಲಿಸಿ ಅವರು ನೆಲಕ್ಕೆ ಮೊಣಕಾಲೂರಿ ಕೂತರು. ಅವಳ ಎಡಗಾಲಿನ ಅಡಿಗೆ ತೆಳ್ಳಗಿನ ತೊಗಲಿನ ಚೂರೊಂದನ್ನು ತೂರಿಸಿದರು. ಸೊಂಟ ನೋಡಿದರು, ಇನ್ನೊಂದು ತೂರಿಸಿದರು. ಮತ್ತೊಂದು. ಅವಸರವೇ ಇಲ್ಲ. ಹನ್ನೊಂದನೆಯ ಚೂರಿಗೆ ಅವಳ ಎರಡೂ ಭುಜ ಒಂದೇ ಮಟ್ಟಕ್ಕೆ ಬಂದವು, ಅಲ್ಲಿಯವರೆಗೆ ಓರೆಯಾಗಿದ್ದ ಬಾಗಿಲು, ಗಲ್ಲಿ, ಎದುರಂಗಡಿಯ ಗಡಿಯಾರ ಎಲ್ಲವೂ ನೆಟ್ಟಗಾದವು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಹನ್ನೊಂದು ಚೂರಿನ ಲೆಕ್ಕದಲ್ಲಿ ಹೊಲಿದ ಜೋಡು ಹಾಕಿಕೊಂಡು ಅವಳು ಮನೆಗೆ ನಡೆದುಕೊಂಡೇ ಹೋದಳು. ಆಮೇಲೆ ಕೆಲಸ ಕಲಿಯುತ್ತೇನೆಂದು ದಿನಾ ಬಂದಳು, ಬರುತ್ತ ಬರುತ್ತ ಸೊಸೆಯಾಗಿ ಅಲ್ಲೇ ಉಳಿದಳು. ಜೋಡಿಗೆಂದು ಬಂದವಳಿಗೆ ಜೋಡಿಯೂ ಸಿಕ್ಕಿತು ಎಂದು ಗಡಿಯಾರದವರು ಮದುವೆಯ ದಿನ ಇನ್ನೊಂದು ತಮಾಷೆ ಮಾಡಿದ್ದರು. ಅವರ ಬತ್ತಳಿಕೆಯಲ್ಲಿ ಇದ್ದದ್ದು ಆ ಎರಡೇ.

ಮಾವ ತೀರಿಕೊಳ್ಳುವ ವರ್ಷ ಒಂದು ಮಧ್ಯಾಹ್ನ ಅವಳನ್ನು ಕರೆದು ಮೇಲಿನ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದರು. ಅದರಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗನ ಎರಡು ಬಲಗಾಲಿನ ಅಚ್ಚುಗಳು. ಒಂದು ಸಣ್ಣದು, ನುಣುಪಾದದ್ದು. ಇನ್ನೊಂದು ಅಗಲವಾದದ್ದು, ಮೇಲೆ ಪದರ ಪದರ ತೊಗಲು ಅಂಟಿಸಿದ್ದು. ಎರಡರ ಹಿಮ್ಮಡಿಯ ಮೇಲೂ ಹೆಸರಿರಲಿಲ್ಲ. ಎರಡೂ ಒಬ್ಬನವೇ, ಒಂದು ತಿಂಗಳ ಅಂತರದಲ್ಲಿ ಕೆತ್ತಿದ್ದು ಎಂದರು ಮಾವ.

ಮಾವನ ಅಪ್ಪ ಅರಮನೆಗೆ ಜೋಡು ಹೊಲಿಯುತ್ತಿದ್ದವರು. ಅರಮನೆಯಲ್ಲಿ ಅಳತೆ ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಅಲ್ಲಿಗೆ ತೊಗಲು ಅಂಟಿಸಿದ ಹಳೆಯ ಅಚ್ಚು ನಡೆಯದು, ವರ್ಷ ವರ್ಷ ಹೊಸದೇ ಕೆತ್ತಬೇಕು. ಕೆಲಸದವನ ಮುಂದೆ ರಾಜನ ಮಗ ಬರಿಗಾಲಲ್ಲಿ ನಿಲ್ಲುವಂತಿಲ್ಲ. ಎತ್ತರದ ಕುರ್ಚಿಯಲ್ಲಿ ಕೂರಬೇಕು, ಪಾದ ಮಖಮಲ್ಲಿನ ದಿಂಬಿನ ಮೇಲಿರಬೇಕು. ಮೊದಲ ಇಬ್ಬರದು ಎಲುಬು ಎಲುಬಾದ ಪಾದ, ಹೇಗೆ ಅಳೆದರೂ ನಡೆಯಿತು. ಮೂರನೆಯವನದು ಮೆತ್ತನೆಯ, ಚಪ್ಪಟೆಯಾದ ಪಾದ. ಕೂತಾಗ ಕಾಣುವುದೇ ಒಂದು, ಮೈಭಾರ ಬಿದ್ದಾಗ ಅರಳುವುದೇ ಒಂದು. ಅಳತೆಗಿಂತ ಒಂದು ಬೆರಳು ಅಗಲಕ್ಕೆ ಹರಡುತ್ತಿತ್ತು. ಹುಡುಗನಿಗೆ ಐದು ವರ್ಷವಾದಾಗಿನಿಂದ ಹನ್ನೊಂದರವರೆಗೆ ಆರು ವರ್ಷ ಹೊಲಿದುಕೊಟ್ಟ ಪ್ರತಿಯೊಂದು ಜೋಡೂ ಅವನ ಕಾಲನ್ನು ಕಚ್ಚಿ ಹಿಂಡಿತು. ಬಾಯಿ ಬಿಟ್ಟು ಹೇಳುವಂತಿಲ್ಲ, ರಾಜನ ಮಕ್ಕಳು ಜೋಡು ಕಚ್ಚುತ್ತದೆಂದು ಅಳುತ್ತಾರೆಯೇ? ನಡೆಯಬೇಕಾಗಿ ಬಂದಾಗಲೆಲ್ಲ ಅವನು ಕೂತುಬಿಡುತ್ತಿದ್ದ. ವೈದ್ಯರು ದುರ್ಬಲ ಎಂದು ಬರೆದರು. ಆಳುಗಳು ಬೆನ್ನ ಹಿಂದೆ ಕೂತ್ರಾಜ ಎಂದು ಕರೆದರು.

ಹನ್ನೊಂದನೆಯ ವಯಸ್ಸಿನಲ್ಲಿ ಒಂದು ದಿನ ಆ ಹುಡುಗ ಗಾಡಿಯವನನ್ನು ಕಾಡಿಬೇಡಿ ಗಲ್ಲಿಗೆ ಬಂದ. ಅಂಗಡಿಯ ಹೊಸ್ತಿಲಲ್ಲಿ ಜೋಡು ಬಿಚ್ಚಿದ. ಹಿಮ್ಮಡಿಯ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. "ನನಗೆ ನಡೆಯೋಕೆ ಬರಲ್ಲ ಅಂತಾರೆ. ನಿಮಗೆ ಕಾಲಿನ ವಿಷಯ ಗೊತ್ತಲ್ಲ, ನಿಜಾನಾ ನೋಡಿ ಹೇಳಿ" ಎಂದ. ಜೋಡಿನವರಿಗೆ ಕೈಕಾಲು ಆಡಲಿಲ್ಲ. ರಾಜಕುಮಾರನಿಗೆ ತಕ್ಕ ಕುರ್ಚಿ ಎಲ್ಲಿಂದ ತರುವುದು, ದಿಂಬು ಎಲ್ಲಿಂದ ತರುವುದು ಎಂದು ಒಳಗೂ ಹೊರಗೂ ಓಡಾಡುವಷ್ಟರಲ್ಲಿ, ಉರಿಯುವ ಕಾಲಿಗೆ ತಂಪಾಗಲೆಂದು ಹುಡುಗ ಕರಿಕಲ್ಲಿನ ಮೇಲೆ ಹೋಗಿ ನಿಂತ. ಕಲ್ಲಿನ ಮೇಲೆ ತೊಗಲು ಕತ್ತರಿಸುವ ಕಂದು ಕಾಗದ ಹಾಸಿತ್ತು. ಅವನು ಕೆಳಗಿಳಿದಾಗ ಬೆವರಿನ, ರಕ್ತದ ಹೆಜ್ಜೆ ಕಾಗದದ ಮೇಲೆ ಮೂಡಿತ್ತು. ಜೋಡಿನವರು ಅರಮನೆಯಲ್ಲಿ ತೆಗೆದ ಅಳತೆಗೆ ಕತ್ತರಿಸಿದ್ದ ಕಾಗದದ ಪಾದವನ್ನು ತಂದು ಅದರ ಮೇಲೆ ಇಟ್ಟರು. ಸುತ್ತಲೂ ಒಂದು ಬೆರಳು ಹೆಜ್ಜೆ ಹೊರಗೆ ಉಳಿದಿತ್ತು.

ಅವರು ಹಣೆ ಹಣೆ ಚಚ್ಚಿಕೊಂಡರಂತೆ. ಮಗು ಚೆನ್ನಾಗಿದೆ, ಕುಂಟು ಮಾಡಿದ್ದು ನನ್ನ ಕೈ ಎಂದರಂತೆ. ಇದು ಗೊತ್ತಾದರೆ ಅರಮನೆಯ ಕೆಲಸ ಹೋಗುವುದಿರಲಿ, ಊರೇ ಬಿಡಿಸುತ್ತಿದ್ದರು. ಹುಡುಗ ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡಿದ. ಆಮೇಲೆ, ಈ ವರ್ಷ ನನ್ನ ಕಾಲು ಇದ್ದಕ್ಕಿದ್ದ ಹಾಗೆ ಬೆಳೆದುಬಿಟ್ಟಿತು ಎಂದು ಮನೆಯಲ್ಲಿ ಹೇಳುತ್ತೇನೆ, ನೀವು ದೊಡ್ಡ ಜೋಡು ಹೊಲಿದುಕೊಡಿ ಎಂದ. ಒಂದೇ ಒಂದು ಮಾತು ತೆಗೆದುಕೊಂಡ: ಇನ್ನು ಯಾರನ್ನೂ ಕೂರಿಸಿ ಅಳೆಯಬಾರದು. ಆಮೇಲೆ ಎಂಟು ವರ್ಷ, ಅರಮನೆಯಲ್ಲಿ ದಿಂಬಿನ ಮೇಲೆ ಸುಳ್ಳು ಅಳತೆ, ಗಲ್ಲಿಯಲ್ಲಿ ಕಲ್ಲಿನ ಮೇಲೆ ನಿಜದ ಅಳತೆ. ದಿನಾ ಸಂಜೆ ಗಾಡಿಯನ್ನು ಸೇತುವೆಯ ಹತ್ತಿರ ನಿಲ್ಲಿಸಿ ಹುಡುಗ ಗಲ್ಲಿಯ ಉದ್ದಕ್ಕೂ ನಡೆಯುತ್ತಿದ್ದ. ಅರಮನೆಯ ಚರಿತ್ರೆ ಬರೆಯುವವರಿಗೆ ಗಲ್ಲಿ ಕಾಣುತ್ತದೆಯೇ? ಹತ್ತೊಂಬತ್ತಕ್ಕೆ ಜ್ವರ ಬಂದು ಹೋದ. ರಾಣಿ ಗಾಡಿಯವನನ್ನು ಕೇಳಿ ತಿಳಿದುಕೊಂಡು ಒಮ್ಮೆ ಬಂದು ಆ ಕಲ್ಲನ್ನು ನೋಡಿ, ಏನೂ ಕೇಳದೆ ಹೋದಳು. ಮುಂದಿನ ತಿಂಗಳು ಗಲ್ಲಿಯ ಬಾಯಿಗೆ ನೀಲಿ ಫಲಕ ಬಂತು.

ಗಿರಾಕಿ ತೀರಿಕೊಂಡರೆ ಅಚ್ಚನ್ನು ಮನೆಯವರಿಗೆ ಹಿಂದಿರುಗಿಸುವುದು ರೂಢಿಯಾದರೂ ಇವನ್ನು ಕೊಡುವುದು ಹೇಗೆ? ಎರಡು ಅಚ್ಚು ಜೊತೆಗಿಟ್ಟರೆ ಕುರುಡನಿಗೂ ತಪ್ಪು ಕಾಣುತ್ತಿತ್ತು. ಸುಟ್ಟುಹಾಕಲು ಮನಸ್ಸಾಗಲಿಲ್ಲ. ಹೀಗೆ ಗಂಟು ಕಪಾಟು ಸೇರಿತು. ನಿನ್ನ ಗಂಡನಿಗೆ ಹೇಳಬೇಡ, ಅವನಿಗೆ ಬಾಗಿಲ ಮೇಲಿನ ಫಲಕ ಎಂದರೆ ಪ್ರಾಣ ಎಂದರು ಮಾವ. "ನಿನಗ್ಯಾಕೆ ಹೇಳಿದೆ ಅಂದ್ರೆ, ನೀನು ಆ ಕಲ್ಲಿನ ಮೇಲೆ ನಿಂತವಳು."

ಜೋಡಕ್ಕ ಆ ಮಾತನ್ನು ಮೂವತ್ತು ವರ್ಷ ನುಂಗಿಕೊಂಡಿದ್ದಳು. ಆದರೆ ದಿನಾ ಬೆಳಿಗ್ಗೆ ಜೋಡು ಹಾಕಿಕೊಂಡು ಮೊದಲ ಹೆಜ್ಜೆ ಇಡುವಾಗ ಒಂದು ಗಳಿಗೆ ನಿಲ್ಲುತ್ತಿದ್ದಳು. ತಾನು ಹುಟ್ಟುವ ಮೊದಲೇ ಸತ್ತ ಒಬ್ಬ ಹುಡುಗನಿಗೆ ಮನಸ್ಸಿನಲ್ಲೇ, ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ ಎನ್ನುತ್ತಿದ್ದಳು. ಅವನನ್ನು ಮರ್ಯಾದೆಗೆಂದು ಕೂರಿಸಿದರು, ತನ್ನನ್ನು ಕನಿಕರಕ್ಕೆಂದು ಕೂರಿಸಿದರು. ಪಾದಕ್ಕೆ ಎರಡೂ ಒಂದೇ. ಅವನು ನಿಲ್ಲದೇ ಹೋಗಿದ್ದರೆ ತನ್ನನ್ನು ಯಾರು ನಿಲ್ಲಿಸುತ್ತಿದ್ದರು?

ಗುರುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡ ಒಳ್ಳೆಯವನೇ, ಆದರೆ ಸಿಟ್ಟು ಬಂದರೆ ಕೂಗುವವನಲ್ಲ, ಗೋಡೆಯಾಗುವವನು. ಮೊದಲು ನಂಬಲಿಲ್ಲ. ಗಂಟು ಬಿಚ್ಚಿ ತೋರಿಸಿದಾಗ ಅಚ್ಚುಗಳನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಕೆಲಸಗಾರನ ಕೈ, ಸುಳ್ಳು ಹೇಳಿಕೊಳ್ಳಲು ಬರುವುದಿಲ್ಲ. ಅವನ ಮುಖ ಕಪ್ಪಿಟ್ಟಿತು.

"ಮೂರು ತಲೆಮಾರಿಂದ ಆ ಫಲಕ ತೋರಿಸಿ ಅನ್ನ ತಿಂದಿದ್ದೀವಿ. ಈಗ ನೀನು ನಗರಸಭೇಲಿ ಹೋಗಿ, ರಾಜನ ಮಗನ್ನ ಕುಂಟ ಮಾಡಿದವರು ನಾವೇ ಅಂತ ಹೇಳ್ತೀಯಾ?"

"ಹೇಳ್ತೀನಿ ರೀ. ಹನ್ನೊಂದು ವರ್ಷದ ಹುಡುಗ ನಮ್ಮ ಮಾನ ಉಳಿಸಿದ. ಈಗ ಅವನ ಹೆಸರು ಉಳಿಸೋಕೆ ನಮ್ಮ ಮಾನ ಹೋಗೋದಾದ್ರೆ ಹೋಗಲಿ."

ಗಂಡ ಅಚ್ಚುಗಳನ್ನು ಮತ್ತೆ ಸುತ್ತಿ ಕಪಾಟಿನ ಮೇಲಿಟ್ಟ. ಸತ್ತವರ ಗುಟ್ಟು ಸತ್ತವರ ಜೊತೆಗಿರಲಿ ಎಂದ. ಆಮೇಲೆ ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ ಮಾತಿಲ್ಲ. ಒಂದೇ ಕೆಲಸದ ಬೆಂಚಿನಲ್ಲಿ ಕೂತು ಒಬ್ಬರು ಅಟ್ಟೆ ಕತ್ತರಿಸಿದರು, ಒಬ್ಬರು ಹೊಲಿದರು. ದಬ್ಬಣ ಬೇಕಾದರೆ ಕೈ ಚಾಚುತ್ತಿದ್ದ, ಅವಳು ಕೊಡುತ್ತಿದ್ದಳು. ಅವನಿಗೆ ನೋವಾಗಿದೆ ಎಂದು ಅವಳಿಗೆ ಗೊತ್ತು, ಅದಕ್ಕೇ ಜಗಳವಾಡಲಿಲ್ಲ. ಅಚ್ಚುಗಳನ್ನು ತೆಗೆದುಕೊಂಡು ಹೋಗುತ್ತೇನೆಂದು ಕೇಳಲೂ ಇಲ್ಲ. ಅವು ಅವನ ಅಜ್ಜನ ಕೈಕೆಲಸ, ಕೊಡುವುದು ಬಿಡುವುದು ಅವನದು.

ಮಂಗಳವಾರ ಅವಳು ಒಬ್ಬಳೇ ಹೊರಟಳು. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ನಗರಸಭೆಯ ಹಾಲಿನಲ್ಲಿ ಉದ್ದನೆಯ ಮೇಜು, ಮೇಜಿನ ಹಿಂದೆ ಐದು ಜನ. ಮೇಜಿನ ಬಟ್ಟೆ ಗಿಡ್ಡವಾಗಿದ್ದರಿಂದ ಹತ್ತೂ ಪಾದಗಳು ಅವಳಿಗೆ ಕಂಡವು, ಸ್ವಲ್ಪ ಧೈರ್ಯ ಬಂತು. ನಡುವೆ ಕೂತ ಅಧ್ಯಕ್ಷರು ಹೊಸ ಬೂಟಿನೊಳಗಿನಿಂದ ಹಿಮ್ಮಡಿಯನ್ನು ಮೆಲ್ಲಗೆ ಹೊರಗೆ ತೆಗೆದು ಗಾಳಿಗೆ ಬಿಟ್ಟುಕೊಂಡಿದ್ದರು.

ಗುಮಾಸ್ತರು ದಪ್ಪ ಪುಸ್ತಕ ತೆರೆದು ಕೂತಿದ್ದರು. ಅದರಲ್ಲಿ ಸಾಲು ಸಾಲು ಜಾಗದ ಹೆಸರು, ಪಕ್ಕದಲ್ಲಿ 'ಮಾಡಿದ ಉಪಕಾರ' ಎಂಬ ಅಂಕಣ. ಮೂರನೇ ರಾಜಕುಮಾರನ ಗಲ್ಲಿ ಎಂದು ಕೂಗಿದಾಗ ಜೋಡಕ್ಕ ಎದ್ದು ಮುಂದೆ ಹೋದಳು. ಅಧ್ಯಕ್ಷರು ಅವಳ ದಪ್ಪ ಅಟ್ಟೆಯನ್ನು ನೋಡಿ, ಕುರ್ಚಿ ಹಾಕಿಸಿ, ಕೂತು ಮಾತಾಡಿ ಅಮ್ಮ ಎಂದರು. ಮನುಷ್ಯ ಒಳ್ಳೆಯವರೇ.

"ಬೇಡ ಸ್ವಾಮಿ, ನಿಂತೇ ಹೇಳ್ತೀನಿ. ಮೊದಲು ತಾವು ಒಂದು ಉಪಕಾರ ಮಾಡಬೇಕು. ಬಲಗಾಲಿನ ಬೂಟು ಬಿಚ್ಚಬೇಕು."

ಹಾಲಿನಲ್ಲಿ ನಗು ಎದ್ದಿತು. ಅಧ್ಯಕ್ಷರು ಕೆಂಪಾದರು, ಆದರೆ ಹಿಮ್ಮಡಿ ಆಗಲೇ ಹೊರಗಿತ್ತು, ಮುಚ್ಚಿಟ್ಟು ಏನು ಪ್ರಯೋಜನ. ಅವಳು ನೋಟೀಸಿನ ಹಿಂಬದಿಯನ್ನು ನೆಲಕ್ಕೆ ಹಾಸಿ, ಮೊಣಕಾಲೂರಿ, ಕೂತಿದ್ದ ಅವರ ಪಾದವನ್ನು ಹಗುರವಾಗಿ ಅದರ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದಳು. ಆಮೇಲೆ ಎದ್ದು ನಿಲ್ಲಿ ಎಂದಳು. ನಿಂತ ಪಾದದ ಸುತ್ತ ಮತ್ತೊಂದು ಗೆರೆ ಎಳೆದಳು. ಕಾಗದ ಎತ್ತಿ ಎಲ್ಲರಿಗೂ ತೋರಿಸಿದಳು. ಎರಡು ಗೆರೆಗಳ ನಡುವೆ ಕಿರುಬೆರಳಿನ ಅಗಲ ಬಿಳಿ ಇತ್ತು. ತಮ್ಮ ಬೂಟಿನ ಅಳತೆ ಕೂತಾಗ ತೆಗೆದದ್ದು ಸ್ವಾಮಿ, ಅದಕ್ಕೇ ಕಚ್ಚುತ್ತಿದೆ ಎಂದಳು. ನಗು ನಿಂತಿತು. ಮೇಜಿನ ಹಿಂದಿನ ಉಳಿದ ನಾಲ್ವರೂ ತಮ್ಮ ತಮ್ಮ ಕಾಲು ನೋಡಿಕೊಂಡರು.

ಆಮೇಲೆ ಅವಳು ಕಥೆ ಹೇಳಿದಳು. ಅರಮನೆಯ ದಿಂಬು, ಆರು ವರ್ಷದ ನೋವು, ಕಾಗದದ ಮೇಲಿನ ರಕ್ತದ ಹೆಜ್ಜೆ, ಹುಡುಗ ಆಡಿದ ಸುಳ್ಳು, ತೆಗೆದುಕೊಂಡ ಮಾತು. ತಪ್ಪು ಮಾಡಿದ್ದು ನಮ್ಮ ಅಂಗಡಿಯೇ ಎಂಬುದನ್ನೂ ಹೇಳಿದಳು. ಅಂದಿನಿಂದ ಇಂದಿನವರೆಗೆ ಆ ಕಲ್ಲಿನ ಮೇಲೆ ಎಷ್ಟು ಸಾವಿರ ಜನ ನಿಂತು ಹೋದರೋ ಲೆಕ್ಕವಿಲ್ಲ, ಅವರಲ್ಲಿ ನಾನೂ ಒಬ್ಬಳು ಎಂದಳು.

ಸಮಿತಿಯ ಒಬ್ಬರು ಕನ್ನಡಕ ಸರಿಮಾಡಿಕೊಂಡು, ಕಥೆ ಚೆನ್ನಾಗಿದೆ, ಆದರೆ ಇದಕ್ಕೆ ಏನಾದರೂ ಆಧಾರ ಬೇಕಲ್ಲ ಎಂದರು. ಅವರು ಕೇಳಿದ್ದೂ ತಪ್ಪಲ್ಲ. ಜೋಡಕ್ಕನ ಕೈ ಬರಿದಾಗಿತ್ತು. ಅವಳು ತಲೆ ತಗ್ಗಿಸಿದಳು.

ತಗ್ಗಿಸಿದ ಕಣ್ಣಿಗೆ ಒಂದು ಜೊತೆ ಜೋಡು ಕಂಡಿತು. ಬಲಗಾಲಿನ ಮೂತಿ ಸವೆದದ್ದು, ಎಡಗಾಲಿಗೆ ಮೊನ್ನೆ ತಾನೇ ತೇಪೆ ಹಾಕಿದ್ದು. ನೋಡದೆಯೂ ಗುರುತಿಸುವ ಜೋಡು ಅದು, ಅವಳೇ ಹೊಲಿದದ್ದು. ಗಂಡ ಹಿಂದಿನ ಸಾಲಿನಿಂದ ಎದ್ದು ಬಂದಿದ್ದ. ಎಷ್ಟು ಹೊತ್ತಿನಿಂದ ಕೂತಿದ್ದನೋ. ಕಂಕುಳಲ್ಲಿ ಬಟ್ಟೆಯ ಗಂಟಿತ್ತು.

ಅವನು ಯಾರ ಮುಖವನ್ನೂ ನೋಡದೆ ಗಂಟು ಬಿಚ್ಚಿ ಎರಡೂ ಅಚ್ಚುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿದ. ಮೊದಲು ಸಣ್ಣದನ್ನು, ಆಮೇಲೆ ಅಗಲದ್ದನ್ನು ಮುಟ್ಟಿ ಹೇಳಿದ:

"ಇದು ನಮ್ಮಜ್ಜ ಕೂರಿಸಿ ಅಳೆದದ್ದು. ಇದು ಆ ಹುಡುಗ ನಿಂತದ್ದು. ಕೆತ್ತಿದ ಕೈ ಒಂದೇ ಅಂತ ಯಾವ ಕೆಲಸಗಾರನ್ನ ಬೇಕಾದ್ರೂ ಕರೆಸಿ ಕೇಳಿ. ನನ್ನ ಹೆಂಡತಿ ಹೇಳಿದ್ದೆಲ್ಲ ನಿಜ."

ಅಚ್ಚುಗಳು ಮೇಜಿನ ಮೇಲೆ ಕೈಯಿಂದ ಕೈಗೆ ಹೋದವು. ಅಗಲದ ಅಚ್ಚಿನ ಮೇಲೆ ಅಂಟಿಸಿದ ತೊಗಲಿನ ಪದರಗಳನ್ನು ಕನ್ನಡಕದವರು ಉಗುರಿನಿಂದ ಎಣಿಸಿದರು. ವರ್ಷಕ್ಕೊಂದರಂತೆ ಎಂಟು. ಅಲ್ಲಿಗೆ ಮುಗಿಯಿತು, ಒಂಬತ್ತನೆಯದಿಲ್ಲ. ಅವರು ಅಚ್ಚನ್ನು ಕೆಳಗಿಡುವಾಗ ಎರಡೂ ಕೈಯಲ್ಲಿ ಹಿಡಿದು ಇಟ್ಟರು.

ಕೊನೆಗೆ ಗುಮಾಸ್ತರು ಪೆನ್ನು ಹಿಡಿದು, ಹೆಸರು ಉಳಿಸುವುದಾದರೆ ಉಪಕಾರದ ಅಂಕಣದಲ್ಲಿ ಏನೆಂದು ಬರೆಯಲಿ, ಸೇತುವೆಯೂ ಇಲ್ಲ ಛಾವಣಿಯೂ ಇಲ್ಲ ಎಂದು ಕೇಳಿದರು. ಅಧ್ಯಕ್ಷರು ಇನ್ನೂ ಒಂದು ಕಾಲಿಗೆ ಬೂಟು, ಒಂದು ಕಾಲು ಬರಿದು, ಹಾಗೇ ನಿಂತಿದ್ದರು. ಕೂರುವುದನ್ನೇ ಮರೆತಿದ್ದರು.

"ಎದ್ದು ನಿಂತರು ಅಂತ ಬರೀರಿ" ಎಂದರು. "ತಪ್ಪು ಮಾಡಿದವರನ್ನು ಬಿಟ್ಟುಕೊಡಲಿಲ್ಲ ಅಂತಾನೂ ಸೇರಿಸಿ."

ಗುಮಾಸ್ತರು ಬರೆದರು.

ಗಂಡ ಹೆಂಡತಿ ಜೊತೆಯಾಗಿ ಮನೆಯ ದಾರಿ ಹಿಡಿದರು. ಸೇತುವೆ ದಾಟಿದ ಮೇಲೆ ಗಂಡ ಬಾಯಿ ಬಿಟ್ಟ. ಅಪ್ಪ ಈ ವಿಷಯವನ್ನು ನಿನಗೆ ಹೇಳಿದ್ದೇ ಒಳ್ಳೆಯದಾಯಿತು, ನನಗೆ ಹೇಳಿದ್ದರೆ ಅಚ್ಚುಗಳನ್ನು ಒಲೆಗೆ ಹಾಕುತ್ತಿದ್ದೆನೋ ಏನೋ ಎಂದ. ನಾಲ್ಕು ದಿನ ಮಾತು ಬಿಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದ. ನೀವು ಬಂದಿರಲ್ಲ, ಅಷ್ಟು ಸಾಕು ಎಂದಳು ಅವಳು. ನಿಜಕ್ಕೂ ಅಷ್ಟು ಸಾಕಾಗಿತ್ತು ಅವಳಿಗೆ. ಗಲ್ಲಿಯ ಬಾಯಲ್ಲಿ ನೀಲಿ ಫಲಕದ ಕೆಳಗೆ ಒಂದು ಗಳಿಗೆ ನಿಂತಳು. ಇಷ್ಟು ವರ್ಷ ಮನಸ್ಸಿನಲ್ಲೇ ಹೇಳುತ್ತಿದ್ದದ್ದನ್ನು ಇವತ್ತು ಬಾಯಿಬಿಟ್ಟು ಹೇಳಿದಳು, ನಿನ್ನಿಂದ ನಡೆದೆ ಕಣಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ. ಗಡಿಯಾರದವರು ಅಂಗಡಿಯಿಂದ ಕತ್ತು ಹೊರಗೆ ಹಾಕಿ, ಯಾರ ಜೊತೆ ಮಾತು ಎಂದು ಕೇಳಿದರು. ಊರಿನ ರಾಜಕುಮಾರನ ಜೊತೆ ಎಂದಳು. ಅವರಿಗೆ ಅದಕ್ಕೆ ತಕ್ಕ ತಮಾಷೆ ಹೊಳೆಯಲಿಲ್ಲ.

ಅಂಗಡಿ ತೆರೆದ ಮೇಲೆ ಗಂಡ ಮೊದಲು ಮಾಡಿದ ಕೆಲಸ, ಶಾಯಿಯ ಬಾಟಲು ಮತ್ತು ಸಣ್ಣ ಕುಂಚ ಹುಡುಕಿದ್ದು. ಅಗಲದ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಮ್ಮಡಿಯ ಮೇಲೆ, ಎಲ್ಲ ಗಿರಾಕಿಗಳ ಅಚ್ಚಿನ ಮೇಲೆ ಬರೆಯುವ ಹಾಗೇ, ಮೂರನೇ ರಾಜಕುಮಾರ ಎಂದು ಬರೆದ. ಶಾಯಿ ಆರಲೆಂದು ಊದಿದ. ಆಮೇಲೆ ಸಣ್ಣ ಅಚ್ಚನ್ನು ಎತ್ತಿಕೊಂಡ.

ಅದರ ಮೇಲೂ ಅವನ ಹೆಸರೇ ಬರೆಯುತ್ತೀರಾ ಎಂದು ಅವಳು ಕೇಳಿದಳು.

"ಇಲ್ಲ" ಎಂದ ಗಂಡ, ಕುಂಚವನ್ನು ಮತ್ತೆ ಶಾಯಿಯಲ್ಲಿ ಅದ್ದುತ್ತ. "ಇದು ಅವನ ಪಾದ ಅಲ್ಲವಲ್ಲ. ಇದರ ಮೇಲೆ ನಮ್ಮ ಅಂಗಡಿ ಹೆಸರು ಬರೀತೀನಿ."

ಬರೆದು, ಎರಡನ್ನೂ ಬೀದಿಗೆ ಕಾಣುವ ಕಿಟಕಿಯಲ್ಲಿ ಜೊತೆಯಾಗಿ ಇಟ್ಟ.